ಎದುರು ಕೈ

ನಾನು ಕನ್ನಡ ಓದಲು ಕಲಿತದ್ದು ಮದುವೆಯಾಗಿ ಮೈಸೂರು ಕಡೆಗೆ ಬಂದ ಮೇಲೆ. ಅಲ್ಲಿಯವರೆಗೆ ಕನ್ನಡ ನನ್ನ ಬಾಯಲ್ಲಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ತಮಿಳು ಸೀಮೆಯಲ್ಲಿ ಅನ್ನೂರಿಗೆ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡ, ಬೀದಿಯ ತುದಿಯ ಟೀ ಅಂಗಡಿ ದಾಟಿದರೆ ತಮಿಳು. ನಮ್ಮ ಮನೆಯೊಳಗೆ ಇನ್ನೂ ಒಂದು ಗೆರೆ ಇತ್ತು. ನಾವು ಜಗಳ ಆಡುವುದು ಕನ್ನಡದಲ್ಲಿ, ಪ್ರಾರ್ಥನೆ ಮಾಡುವುದು ತಮಿಳಿನಲ್ಲಿ. ಬೀದಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ, ಚರ್ಚಿಗೆಲ್ಲ ನಮ್ಮದೊಂದೇ ಕನ್ನಡದ ಮನೆ. ದೇವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬ ಸಂಶಯ ನನಗೆ ಬಹಳ ದಿನ ಇತ್ತು. ಅಪ್ಪನನ್ನು ಕೇಳಿದಾಗ, "ಬರ್ದೆ ಏನು ಕಣ್ಣು, ನಾವ್ ಬೈಯೋದೆಲ್ಲ ಕೇಳ್ಕೊಂಡೇ ಇದ್ದಾನಲ್ಲ" ಅಂದಿದ್ದರು. ನಮ್ಮ ಕಡೆ ಮಕ್ಕಳನ್ನು 'ಕಣ್ಣು' ಎಂದೇ ಕರೆಯುವುದು, ಮಕ್ಕಳಿಗೆ ಇಪ್ಪತ್ತಾದರೂ.

ಅಜ್ಜ ಯಾಕೆ ಕ್ರೈಸ್ತನಾದ ಎಂಬುದಕ್ಕೆ ಮನೆಯಲ್ಲಿ ಮೂರು ಕಥೆಗಳಿದ್ದವು. ಒಂದರಲ್ಲಿ ಅವನಿಗೆ ಕಾಯಿಲೆ ವಾಸಿಯಾಗಿತ್ತು, ಇನ್ನೊಂದರಲ್ಲಿ ಗುಡಿಯವರ ಜೊತೆ ಮುನಿಸಿಕೊಂಡಿದ್ದ, ಮತ್ತೊಂದರಲ್ಲಿ ಬರೀ ಹಾಡು ಕೇಳಿ ಒಳಗೆ ಹೋಗಿ ಕೂತವನು ಎದ್ದು ಬರಲೇ ಇಲ್ಲ. ಒಂದಕ್ಕೊಂದು ಹೊಂದುತ್ತಿರಲಿಲ್ಲ, ಯಾರೂ ಹೊಂದಿಸಲು ಹೋಗಿಯೂ ಇರಲಿಲ್ಲ. ಅವನು ದೇವರನ್ನು ಬದಲಾಯಿಸಿದ, ಮಗ್ಗವನ್ನಲ್ಲ. ಮಗ್ಗದಡಿ ಕಾಲು ಇಳಿಬಿಟ್ಟು ಕೂರುವ ಅದೇ ಕುಳಿ, ಅದೇ ಮಗ್ಗ, ಅದೇ ನಂಟರು. ಅಮಾವಾಸ್ಯೆಗೆ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು, ಭಾನುವಾರ ನಮ್ಮದೊಂದು ನಿಲ್ಲುತ್ತಿತ್ತು. ಅಮಾವಾಸ್ಯೆಯ ದಿನವೂ ಅಪ್ಪ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಬೀದಿಯೆಲ್ಲ ಸುಮ್ಮನಿರುವಾಗ ಒಂದು ಮನೆ ಮಾತ್ರ ಸದ್ದು ಮಾಡಿದರೆ ಚೆನ್ನಾಗಿರುವುದಿಲ್ಲ ಎಂದು ಅವರ ಲೆಕ್ಕ. "ಎರಡು ದೇವರ ರಜೆ, ಒಬ್ಬನ ಕೂಲಿ" ಎಂದು ಅಮ್ಮ ಗೊಣಗುತ್ತಿದ್ದಳು.

ನೇಕಾರ ಮಗ್ಗದಲ್ಲಿ ಒಬ್ಬನೇ ಕೂರಬಹುದು, ಆದರೆ ಹಾಸಿನ ನೂಲಿಗೆ ಗಂಜಿ ಹಾಕುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಹಾಸಿನ ನೂಲನ್ನು ನಮ್ಮ ಕಡೆ 'ಪಾವು' ಎನ್ನುತ್ತಾರೆ. ಬೆಳಗಾಗುತ್ತಿದ್ದಂತೆ ಅದನ್ನು ಬೀದಿಯುದ್ದಕ್ಕೂ ಬಿದಿರಿನ ಕವೆಗಳ ಮೇಲೆ ಎಳೆದು ಕಟ್ಟಬೇಕು. ಎಷ್ಟೋ ಮನೆಗಳ ಬಾಗಿಲ ಮುಂದೆ ಅದು ಹಾದುಹೋಗುತ್ತದೆ. ಅಕ್ಕಿ ಗಂಜಿಯನ್ನು ಮೇಲೆ ಸುರಿದು, ಬೇರಿನಿಂದ ಕಟ್ಟಿದ, ಕುಂಚದಂಥ ಉದ್ದನೆಯ ಕುಂಚಿಗೆಯನ್ನು ಪಾವಿನ ಈಚೆಗೊಬ್ಬರು ಆಚೆಗೊಬ್ಬರು ಹಿಡಿದು, ಎದುರುಬದುರಾಗಿ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಒಬ್ಬರ ಕಾಲು ಮುಂದಾದರೆ ಕುಂಚಿಗೆ ಓರೆಯಾಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಬಿಸಿಲು ಏರಿ ಗಂಜಿ ಒಣಗುವುದರೊಳಗೆ ಮುಗಿಯಲೇಬೇಕು. ಇದಕ್ಕೆ ಕೂಲಿಯಿಲ್ಲ. ಇವತ್ತು ನಮ್ಮ ಪಾವಿಗೆ ನೀವು, ನಾಳೆ ನಿಮ್ಮ ಪಾವಿಗೆ ನಾವು. ಬೀದಿಯ ಕೈ ತಪ್ಪಿದವನ ಮಗ್ಗ ನಿಂತ ಹಾಗೆಯೇ.

ಅಪ್ಪನ ಎದುರು ಯಾವಾಗಲೂ ನಿಲ್ಲುತ್ತಿದ್ದವರು ಪಕ್ಕದ ಮನೆಯ ಮಾಮ. ನಮ್ಮಿಬ್ಬರ ಮನೆಗೂ ಗೋಡೆ ಒಂದೇ. ದೂರದ ಸಂಬಂಧದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಾವ ಆಗಬೇಕು, ಬೀದಿಯ ಗುಡಿಯ ಹೊಣೆ ಮಾಮನದೇ. ಸಣ್ಣವರಿದ್ದಾಗಿನಿಂದ ಇಬ್ಬರೂ ಒಂದೇ ಕುಂಚಿಗೆ ಹಿಡಿದವರಾದ್ದರಿಂದ ಅಮ್ಮ ಮಾಮನನ್ನು ತಮಾಷೆಗೆ "ನಿಮ್ಮಪ್ಪನ ಎದುರು ಕೈ" ಎನ್ನುತ್ತಿದ್ದಳು. ಅಪ್ಪ ಜ್ವರ ಬಂದು ಮಲಗಿದರೆ ಮೊದಲು ಗೊತ್ತಾಗುತ್ತಿದ್ದುದು ಮಾಮನಿಗೆ, ಗೋಡೆಯ ಆಚೆಯಿಂದ ಮಗ್ಗದ ಸದ್ದು ಕೇಳಿಸದೆ ಇದ್ದುದರಿಂದ.

ಅವರಿಬ್ಬರ ನಡುವೆ ಒಂದು ಏರ್ಪಾಡು ಇತ್ತು, ಯಾರೂ ಬಾಯಿಬಿಟ್ಟು ಮಾಡಿಕೊಂಡದ್ದಲ್ಲ. ಮಾಮನ ಪಾವು ಎಳೆದ ದಿನ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಕರ್ಪೂರ ಹಚ್ಚುತ್ತಿದ್ದರು. ಕರ್ಪೂರ ಆರುವವರೆಗೆ ಅಪ್ಪ ನಮ್ಮ ತಿಣ್ಣೆಯ ಮೇಲೆ, ಎಂದರೆ ಬಾಗಿಲ ಪಕ್ಕದ ಜಗಲಿಯ ಮೇಲೆ, ಕೂತಿರುತ್ತಿದ್ದರು. ಆರಿದ ಮೇಲೆ ಮಾಮ, "ಬಾವ, ಬಾ" ಎಂದು ಕರೆಯುತ್ತಿದ್ದರು. ನಮ್ಮ ಪಾವಿನ ದಿನ ಅಪ್ಪ ತಲೆಯ ಟವಲು ತೆಗೆದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಮಾಮ ಕುಂಚಿಗೆಯ ಒಂದು ತುದಿ ಹಿಡಿದು ಕಾಯುತ್ತಿದ್ದರು. ಅಪ್ಪನ ಪ್ರಾರ್ಥನೆ ಉದ್ದವಾದರೆ, "ಆಯ್ತಾ? ಇಲ್ಲ ಇನ್ನೂ ಊರ್ನೋರ್ ಹೆಸರೆಲ್ಲ ಹೇಳ್ಬೇಕಾ?" ಎಂದು ಕೇಳುತ್ತಿದ್ದರು. ಮಾಮ ನಮ್ಮ ಮನೆಯಲ್ಲಿ ನೀರು ಕೂಡ ಕುಡಿದವರಲ್ಲ. ಅಪ್ಪ ಅವರ ಮನೆಯ ಪ್ರಸಾದ ಮುಟ್ಟಿದವರಲ್ಲ. ಒಬ್ಬರನ್ನೊಬ್ಬರು ಗೌರವಿಸುವುದು ಎಂದರೆ ಇದೇ ಎಂದು ನಾನು ತಿಳಿದಿದ್ದೆ. ಭಾನುವಾರದ ಪ್ರವಚನದಲ್ಲಿ ಪಾದ್ರಿಗಳು ನೆರೆಯವನನ್ನು ಪ್ರೀತಿಸುವ ಮಾತು ಎತ್ತಿದರೆ ನನಗೆ ಈ ಇಬ್ಬರು ಹಿಡಿದ ಕುಂಚಿಗೆ ನೆನಪಾಗುತ್ತಿತ್ತು.

ಚರ್ಚಿನ ಬಹುಪಾಲು ಜನ ಊರಾಚೆಯ ಕಾಲೊನಿಯವರು, ದಲಿತರ ಕೇರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಉಪದೇಶಿಯವರೂ ಆ ಕಾಲೊನಿಯವರೇ, ಪಾದ್ರಿಗಳು ಬೇರೆ ಊರಿಗೆ ಹೋದಾಗ ಆರಾಧನೆ ನಡೆಸುತ್ತಿದ್ದರು, ಸೈಕಲ್ ತುಳಿದು ಮನೆಮನೆಯ ಪ್ರಾರ್ಥನೆಯ ಕೂಟಗಳಿಗೆ ಹೇಳಿಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಗಂಟಲು ಮಾತ್ರ ದೊಡ್ಡದು. ನಮ್ಮ ಮನೆಗೆ ಬಂದರೆ ಅಮ್ಮ ಅವರಿಗೆ ಗಾಜಿನ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು. ಪಾದ್ರಿಗಳಿಗೆ ನಾವು ಕುಡಿಯುವ ಸ್ಟೀಲ್ ಲೋಟ. ಇದನ್ನು ನಾನು ಗಮನಿಸಿ, ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದ್ದೆ.

"ಅವ್ರಿಗೆ ಗಾಜಿನ್ ಲೋಟ ಅಂದ್ರೆ ಇಷ್ಟ" ಅಂದಳು ಅಮ್ಮ.

"ಅವ್ರು ಹೇಳಿದ್ರಾ?"

"ಎಲ್ಲಾನೂ ಬಾಯ್ಬಿಟ್ಟು ಹೇಳ್ತಾರಾ? ನೀ ಓಗಿ ಕಂಡಿಕೆ ಸುತ್ತು."

ಕಂಡಿಕೆ ಸುತ್ತುವುದು, ಎಂದರೆ ಲಾಳಿಯೊಳಗಿನ ನೂಲಿನ ಉಂಡೆ ಸುತ್ತುವುದು, ಮನೆಯಲ್ಲಿ ನನ್ನ ಕೆಲಸ. ರಾಟೆಯ ಮುಂದೆ ಕೂತು ಕೋಪ ತೀರುವವರೆಗೂ ಸುತ್ತಿದೆ. ಆ ಕಾಲದಲ್ಲಿ ನನಗೆ ಕೋಪ ಬೇಗ ಬರುತ್ತಿತ್ತು, ಕಂಡಿಕೆಗಳೂ ಬೇಗ ತುಂಬುತ್ತಿದ್ದವು.

ಆ ದಿನ ನಮ್ಮ ಪಾವು. ಉಡುಮಲೈಪೇಟೆಯಲ್ಲಿ ಯಾರದೋ ಮದುವೆಯೆಂದು ಅರ್ಧ ಬೀದಿ ಹೋಗಿತ್ತು. ಹುಡುಗರಂತೂ ಮೊದಲೇ ಒಬ್ಬೊಬ್ಬರಾಗಿ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಸೇರಿಬಿಟ್ಟಿದ್ದರು. ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದು ಅಮ್ಮ ಹೇಳಿದ್ದಳು. ಗಂಜಿ ಕಾಯಿಸಿ ಆಗಿತ್ತು, ಬಿಟ್ಟರೆ ಹುಳಿಯಾಗುತ್ತದೆ ಎಂದು ಅಪ್ಪ ಕೇಳಲಿಲ್ಲ. ಪಾವು ಎಳೆದರು, ಪ್ರಾರ್ಥನೆ ಮಾಡಿದರು, ಮಾಮ ಎಂದಿನಂತೆ ಕೊಂಕು ಆಡಿದರು, ಗಂಜಿ ಸುರಿದರು. ಮುಂದಿನ ಕುಂಚಿಗೆಗೆ ಅಪ್ಪ ಮತ್ತು ಮಾಮ. ಅದರ ಹಿಂದೆ ಎಳೆ ಬಿಡಿಸಿಕೊಂಡು ಬರಲು ಎರಡನೆಯ ಕುಂಚಿಗೆ ಬೇಕು. ಅದರ ಒಂದು ತುದಿಗೆ ಮೂಲೆಮನೆಯ ತಾತ ಸಿಕ್ಕಿದರು, ಇನ್ನೊಂದು ತುದಿಗೆ ಬರುತ್ತೇನೆ ಎಂದವನು ಬರಲಿಲ್ಲ.

ನಾನು ಹಿಡಿಯುತ್ತೇನೆ ಎಂದೆ. ಹೆಂಗಸರು ಗಂಜಿ ಕಾಯಿಸಬಹುದು, ಎಳೆ ಬಿಡಿಸಬಹುದು, ಕುಂಚಿಗೆ ಹಿಡಿಯುವ ವಾಡಿಕೆ ಇರಲಿಲ್ಲ. ತಾತ ನಕ್ಕು, "ನೀ ಹಿಡಿದ್ರೆ ಪಾವಲ್ಲ ಕಣ್ಣು, ಮೀನು ಹಿಡ್ಯೋ ಬಲೆ ಆಗ್ತದೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಅದು ಬರೀ ತಮಾಷೆಯಾಗಿತ್ತು.

ಅಷ್ಟರಲ್ಲಿ ಉಪದೇಶಿಯವರು ಸೈಕಲ್ಲಿನಲ್ಲಿ ಬಂದರು. ಸಂಜೆಯ ಕೂಟ ಯಾರ ಮನೆಯಲ್ಲಿ ಎಂದು ಹೇಳಿಹೋಗಲು ಬಂದವರು. ಪಾವು ಅರ್ಧಕ್ಕೆ ನಿಂತಿರುವುದನ್ನು ನೋಡಿದರು. ಸೈಕಲ್ಲನ್ನು ನಮ್ಮ ಗೋಡೆಗೆ ಒರಗಿಸಿ, ಪಂಚೆ ಎತ್ತಿ ಕಟ್ಟಿ, ಖಾಲಿ ಇದ್ದ ತುದಿಯನ್ನು ಹಿಡಿದು, "ಹೇಗೆ ನಡೆಯಬೇಕು ಹೇಳಿ" ಎಂದು ತಮಿಳಿನಲ್ಲಿ ಕೇಳಿದರು. ಯಾರ ಮನೆಯಲ್ಲಾದರೂ ಕೊಡ ಎತ್ತಲು ಕೈ ಕೊಡುತ್ತೇವಲ್ಲ, ಅಷ್ಟೇ ಸಹಜವಾಗಿ.

ತಾತ ತಮ್ಮ ತುದಿಯನ್ನು ಬಿಟ್ಟುಬಿಟ್ಟರು. ಎಸೆಯಲಿಲ್ಲ, ಮೆಲ್ಲಗೆ ಪಾವಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅವರನ್ನು ನೋಡಿ ಮಾಮನೂ ನಿಂತರು. ಏನಾಯಿತು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾಲೊನಿಯವರ ಕೈ ನಮ್ಮ ಬೀದಿಯ ಪಾವಿನ ಮೇಲೆ ಬಿದ್ದಿತ್ತು.

ಮಾಮ ದನಿ ಎತ್ತಲಿಲ್ಲ. "ಬಾವ," ಅಂದರು ಕನ್ನಡದಲ್ಲಿ, ಉಪದೇಶಿಯವರಿಗೆ ತಿಳಿಯದಿರಲಿ ಎಂದು, "ಅವ್ರನ್ನ ಕೊಂಜ ತಿಣ್ಣೆ ಮೇಲೆ ಕೂರಕ್ ಹೇಳು. ನಾವೇ ಹೆಂಗೋ ಮುಗಿಸ್ತೀವಿ."

ಉಪದೇಶಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಇಂಥದ್ದು ತಿಳಿಯಲು ಅವರಿಗೆ ಕನ್ನಡ ಬೇಕಾಗಿರಲಿಲ್ಲ. ಅವರು ಕುಂಚಿಗೆಯನ್ನು ಕೆಳಗಿಡಲು ಬಗ್ಗಿದರು.

"ಬಿಡಬೇಡಿ" ಅಂದರು ಅಪ್ಪ, ತಮಿಳಿನಲ್ಲಿ.

ಆಮೇಲೆ ಅಪ್ಪ ಮಾಮನ ಎದುರಿನಿಂದ ಹೊರಟು, ಪಾವಿನ ಬದಿಯಲ್ಲೇ ನಡೆದು ಬಂದು, ತಾತ ಬಿಟ್ಟಿದ್ದ ತುದಿಯನ್ನು ಹಿಡಿದುಕೊಂಡರು. ಇಬ್ಬರೂ ನಡೆಯತೊಡಗಿದರು. ಮಾಮ ಎದುರಿಗೆ ಯಾರೂ ಇಲ್ಲದ ಕುಂಚಿಗೆಯನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಅವರ ಮುಖದಲ್ಲಿ ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕುಂಚಿಗೆಯನ್ನು ತಂದು ನಮ್ಮ ತಿಣ್ಣೆಯ ಮೇಲೆ ಒಣಗಲು ಇಡುವಂತೆ ನೀಟಾಗಿ ಇಟ್ಟು, ತಮ್ಮ ಮನೆಯೊಳಗೆ ಹೋದರು.

ಉಪದೇಶಿಯವರ ಹೆಜ್ಜೆ ಅಪ್ಪನ ಹೆಜ್ಜೆಗೆ ಕೂಡಲಿಲ್ಲ. ಒಮ್ಮೆ ಮುಂದಾಗುತ್ತಿತ್ತು, ಒಮ್ಮೆ ಹಿಂದಾಗುತ್ತಿತ್ತು. ಎರಡು ಕುಂಚಿಗೆಯ ಕೆಲಸವನ್ನು ಒಂದರಲ್ಲಿ, ಹೋಗುತ್ತಾ ಬರುತ್ತಾ, ಬಿಸಿಲು ಏರುವವರೆಗೂ ಮಾಡಿದರು. ಅಮ್ಮ ಗಂಜಿಯ ಪಾತ್ರೆ ಹಿಡಿದು ಹಿಂದೆ ಓಡುತ್ತಿದ್ದಳು. ನಾನು ಅಂಟಿದ ಎಳೆಗಳನ್ನು ಬಿಡಿಸುತ್ತಿದ್ದೆ. ಪಾವು ಹಾದುಹೋದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ನನಗೆ ಅಪ್ಪನ ಮೇಲೆ ಎಷ್ಟು ಹೆಮ್ಮೆ ಬಂತೆಂದರೆ ಅಳುವಂತಾಯಿತು, ಎಷ್ಟು ಭಯ ಆಯಿತೆಂದರೆ ಬಿಡಿಸಲು ಹೋದ ಎಳೆಯನ್ನೇ ತುಂಡು ಮಾಡುತ್ತಿದ್ದೆ.

ಮುಗಿದ ಮೇಲೆ ಅಮ್ಮ ಕಾಫಿ ತಂದಳು. ಅಪ್ಪನಿಗೂ ಉಪದೇಶಿಯವರಿಗೂ ಸ್ಟೀಲ್ ಲೋಟದಲ್ಲೇ ತಂದಿದ್ದಳು. ನಾನು ಅಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ. ಉಪದೇಶಿಯವರು ಲೋಟವನ್ನು ಮುಟ್ಟಿ ಕೈ ಹಿಂದೆ ಎಳೆದುಕೊಂಡರು. "ಸುಡುತ್ತದೆ ಅಮ್ಮ, ಆ ಗಾಜಿನ ಲೋಟವನ್ನೇ ಕೊಡಿ, ಅದೇ ಅಭ್ಯಾಸ" ಅಂದರು. ಅವರಿಗೆ ನಿಜವಾಗಿ ಗಾಜಿನ ಲೋಟ ಇಷ್ಟವಿತ್ತೋ, ಅಮ್ಮನಿಗೆ ಒಂದು ಪೆಟ್ಟು ಕೊಟ್ಟರೋ, ಇಲ್ಲ ಅವಳನ್ನು ಪಾರುಮಾಡಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಅಮ್ಮ ಗಾಜಿನ ಲೋಟ ತಂದುಕೊಟ್ಟಳು, ಅವರು ಕುಡಿದು ಹೊರಟರು.

ಬೀದಿಯಲ್ಲಿ ಯಾರೂ ಬೈಯಲಿಲ್ಲ. ಪಂಚಾಯಿತಿ ಸೇರಲಿಲ್ಲ, ಯಾರೂ ಬಂದು ಹೀಗೆ ಮಾಡಬಾರದಿತ್ತು ಎನ್ನಲಿಲ್ಲ. ಬೇರೆಯವರ ಪಾವು ಎಳೆದ ಬೆಳಗ್ಗೆ ಅಪ್ಪ ಮುಖ ತೊಳೆದು ಟವಲು ಹೆಗಲಿಗೆ ಹಾಕಿಕೊಂಡು ತಿಣ್ಣೆಯ ಮೇಲೆ ಕೂತರು. ಪಾವಿನವರು ಕರ್ಪೂರ ಹಚ್ಚಿದರು, ಅದು ಆರಿತು. ಯಾರೂ ಕರೆಯಲಿಲ್ಲ. ನಮ್ಮ ಬಾಗಿಲ ಮುಂದೆಯೇ ಪಾವು ಹಾದುಹೋಗಿತ್ತು, ಕುಂಚಿಗೆ ಹಿಡಿದವರು ಅಪ್ಪನ ಮೊಣಕಾಲಿಗೆ ತಗಲುವಷ್ಟು ಹತ್ತಿರ ನಡೆದುಹೋಗುತ್ತಿದ್ದರು. ಅಪ್ಪ ಕೂತೇ ಇದ್ದರು. ಅದರ ಮುಂದಿನ ಪಾವಿಗೂ ಹಾಗೇ ಸಿದ್ಧವಾಗಿ ಕೂತರು. "ಒಳಗ್ ಬನ್ನಿ, ಸಾಕು" ಎಂದು ಅಮ್ಮ ಬಾಗಿಲ ಹಿಂದಿನಿಂದ ಹೇಳಿದಳು. ಅಪ್ಪ ಬರಲಿಲ್ಲ. ನಮ್ಮ ಮುಂದಿನ ಪಾವು ಬಂದಾಗ ಯಾರು ಹಿಡಿಯುತ್ತಾರೆ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ತಿರುಪ್ಪೂರಿನ ಕಂಪನಿಗಳಲ್ಲಿ ಅಪ್ಪನ ವಯಸ್ಸಿನವರನ್ನು ಬಾಗಿಲು ಕಾಯಲು ಇಟ್ಟುಕೊಳ್ಳುತ್ತಾರಂತೆ ಎಂದು ಅಮ್ಮ ಒಂದು ದಿನ ಯಾರಿಗೂ ಅಲ್ಲದಂತೆ ಹೇಳಿದಳು.

ಚರ್ಚಿನಲ್ಲಿ ಮಾತ್ರ ಅಪ್ಪ ದೊಡ್ಡ ಮನುಷ್ಯರಾಗಿಬಿಟ್ಟರು. ಪಾದ್ರಿಗಳು ಭಾನುವಾರ ಅವರನ್ನು ಎದ್ದು ನಿಂತು ಸಾಕ್ಷಿ ಹೇಳಲು ಕರೆದರು. ಕರ್ತನ ಮುಂದೆ ಮೇಲುಕೀಳಿಲ್ಲ ಎಂಬುದನ್ನು ಈ ಸಹೋದರ ನಡೆದು ತೋರಿಸಿದ್ದಾನೆ, ಅವನ ಬಾಯಿಂದಲೇ ಕೇಳೋಣ ಎಂದರು. ಅಪ್ಪ ಎದ್ದರು. ಬಹಳ ಹೊತ್ತು ಟವಲನ್ನು ಮಡಿಸಿದರು, ಬಿಚ್ಚಿದರು. "ಗಂಜಿ ಒಣಗುತ್ತಿತ್ತು" ಎಂದು ತಮಿಳಿನಲ್ಲಿ ಹೇಳಿ ಕೂತುಬಿಟ್ಟರು. ಯಾರೋ ಸ್ತೋತ್ರ ಎಂದು ಕೂಗಿದರು. ಉಳಿದ ಸಾಕ್ಷಿಯನ್ನು ಪಾದ್ರಿಗಳೇ ಹೇಳಿ ಮುಗಿಸಿದರು.

ನನಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ಕೆಲಸ ಮಾಡಿ ಅದಕ್ಕೆ ಇಷ್ಟು ಸಣ್ಣ ಕಾರಣ ಹೇಳುವುದೇ? ದಾರಿಯಲ್ಲಿ ಅಪ್ಪನನ್ನು ಬಿಡಲಿಲ್ಲ.

"ನಿಜ ಹೇಳಿ ಅಪ್ಪ. ದೇವ್ರಿಗೋಸ್ಕರ ಮಾಡಿದ್ರಾ, ಪಾವಿಗೋಸ್ಕರ ಮಾಡಿದ್ರಾ?"

"ನಂಗೇನ್ ಗೊತ್ತು ಕಣ್ಣು. ಕೈ ಬೇಕಾಗಿತ್ತು. ಒಂದು ಕೈ ಬಂತು. ಬಂದ ಕೈನ ಓಗು ಅನ್ನಕ್ಕೆ ಬಾಯಿ ಬರ್ಲಿಲ್ಲ."

"ಮಾಮಂದೂ ಒಂದ್ ಕೈ ಅಲ್ವಾ?"

ಅಪ್ಪ ಹೆಜ್ಜೆ ಬಿರುಸು ಮಾಡಿದರು. ಟೀ ಅಂಗಡಿಯವರೆಗೂ ನನಗಿಂತ ಮುಂದೆಯೇ ನಡೆದರು. ಅಲ್ಲಿಂದ ಮುಂದೆ ನಮ್ಮ ಬೀದಿ.

ಉಪದೇಶಿಯವರನ್ನೂ ನಾನು ಬಿಡಲಿಲ್ಲ. ಒಂದು ಸಂಜೆಯ ಕೂಟ ಮುಗಿದು ಅವರು ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ, ನಮ್ಮ ಅಪ್ಪ ಮಾಡಿದ್ದು ಸರಿ ಅಲ್ಲವೇ ಎಂದು ಕೇಳಿದೆ. ಹೌದು ಎಂಬ ಒಂದು ಮಾತು ನನಗೆ ಬೇಕಾಗಿತ್ತು. ಅವರು ಸರಿ ಎಂದರು. ಆಮೇಲೆ, "ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು" ಅಂದರು. "ನಾನು ಬಿಟ್ಟು ಹೋಗಬೇಕು ಅಂತಲೇ ಇದ್ದೆ ಮಗಳೇ. ಬಿಡಬೇಡಿ ಅಂದುಬಿಟ್ಟರು. ಇಡೀ ಬೀದಿ ನೋಡುತ್ತಿರುವಾಗ, ಬಾರದ ಕೆಲಸವನ್ನು ಆ ಬಿಸಿಲಲ್ಲಿ ಮಾಡಿದೆ. ನಾಳೆಯೂ ನಾನು ಅದೇ ಬೀದಿಯಲ್ಲಿ ಸೈಕಲ್ ತುಳಿಯಬೇಕಲ್ಲ." ಸ್ವಲ್ಪ ದೂರ ಹೋದ ಮೇಲೆ, "ಕೂಟ ಯಾರ ಮನೆಯಲ್ಲಿ ಅಂತ ಹೇಳಿ ಹೋಗಲು ಬಂದಿದ್ದೆ, ಅದನ್ನೇ ಹೇಳಲಿಲ್ಲ" ಎಂದು ನಕ್ಕರು. ಆ ನಗುವಿಗೆ ಏನು ಮಾಡಬೇಕೆಂದು ತಿಳಿಯದೆ ನಾನೂ ನಕ್ಕೆ.

ಉಳಿದವರು ಮಾಮ. ಅವರು ತಮ್ಮ ಬಾಗಿಲಲ್ಲಿ ಕೂತು ಕವೆಗೋಲು ಕಟ್ಟುತ್ತಿದ್ದಾಗ ಎದುರಿಗೆ ಹೋಗಿ ನಿಂತೆ. ಚಿಕ್ಕಂದಿನಿಂದ ಅವರ ತೊಡೆಯ ಮೇಲೆ ಬೆಳೆದವಳು, ಹೆದರಿಕೆ ಇರಲಿಲ್ಲ.

"ಮಾಮ, ನಿಮ್ಮ ಕರ್ಪೂರ ಆರೋವರ್ಗೂ ಅಪ್ಪ ಕಾಯ್ತಾರೆ. ಅಪ್ಪನ ಪ್ರಾರ್ಥನೆ ಮುಗಿಯೋವರ್ಗೂ ನೀವು ಕಾಯ್ತೀರ. ಅಷ್ಟೆಲ್ಲ ಮರ್ಯಾದೆ ಗೊತ್ತಿರೋರು ಅವತ್ತು ಯಾಕ್ ಹಂಗ್ ಮಾಡಿದ್ರಿ?"

ಮಾಮ ಹಗ್ಗದ ಗಂಟು ಬಿಗಿದು, "ಅದೂ ಇದೂ ಒಂದೇ ಕಣ್ಣು" ಅಂದರು. "ನಿಮ್ಮ ವಳಕ್ಕ ನಿಮ್ಗೆ, ನಮ್ಮ ವಳಕ್ಕ ನಮ್ಗೆ. ನಿಮ್ಮಜ್ಜ ಮತ ಬಿಟ್ಟಾಗ ಬೀದಿ ಬಿಡಿಸಿದ್ವಾ? ಇಲ್ಲ. ಬೇರೆ ಇರೋರ್ನ ಬೇರೆ ಇರಕ್ ಬಿಡ್ಬೇಕು. ನಿಮ್ಮಪ್ಪಂಗೆ ಇದು ಗೊತ್ತು. ಗೊತ್ತಿದ್ದೂ ನನ್ನ ಮುಂದೆ ಇದ್ದೋನು ಬಿಟ್ಟು ಓದ."

ವಳಕ್ಕ ಎಂದರೆ ವಾಡಿಕೆ. ಜಗಳದ ಉತ್ತರ ಊಟವಾಗಿ ಕೈ ತೊಳೆಯುವಾಗ ಹೊಳೆಯುತ್ತದೆ ಎನ್ನುತ್ತಾರಲ್ಲ, ನನಗೂ ಹಾಗೇ ಆಯಿತು. ಅಪ್ಪ ಕರ್ಪೂರದಿಂದ ದೂರ ಕೂತದ್ದು ತಾವಾಗಿ. ಮಾಮ ನಮ್ಮ ಮನೆಯ ನೀರು ಬೇಡ ಎಂದದ್ದು ತಾವಾಗಿ. ಉಪದೇಶಿಯವರು ತಾವಾಗಿ ದೂರ ನಿಲ್ಲಲಿಲ್ಲ, ಅವರನ್ನು ನಿಲ್ಲಿಸಿದ್ದು. ಒಂದು ವಾಡಿಕೆ ನನ್ನನ್ನು ಕಟ್ಟಿದರೆ ಅದು ನನ್ನದು, ಇನ್ನೊಬ್ಬರನ್ನು ಕಟ್ಟಿದರೆ ಅದು ಬೇರೆಯೇ. ಇದನ್ನು ಹಾಗೇ ಹೋಗಿ ಹೇಳಬೇಕೆಂದು ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ಗಾಜಿನ ಲೋಟ ನೆನಪಾಯಿತು. ಬಿಡಬೇಡಿ ಎಂದು ಅಪ್ಪ ಹೇಳಿದ್ದು, ಬಿಡಬೇಕೆಂದಿದ್ದವರ ಕೈ ನೆನಪಾಯಿತು. ಎಲ್ಲರೂ ನಕ್ಕ ಆ ಮೀನಿನ ಬಲೆಯ ಮಾತೂ ನೆನಪಾಯಿತು. ನನ್ನ ಉತ್ತರ ಅಂಟಿದ ಎಳೆಯ ಹಾಗೆ ಯಾವ ಕಡೆ ಎಳೆದರೂ ಬಿಡಿಸಿಕೊಳ್ಳಲಿಲ್ಲ. ವಾಪಸು ಬಂದು ರಾಟೆಯ ಮುಂದೆ ಕೂತೆ.

ಆ ಪಾವು ಮಗ್ಗಕ್ಕೆ ಏರಿದ ಮೇಲೆ ನಮ್ಮ ನಿಜವಾದ ಕಷ್ಟ ಶುರುವಾಯಿತು. ಗಂಜಿ ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಅಪ್ಪ ನಾಲ್ಕು ಸಲ ಲಾಳಿ ಎಸೆದರೆ ಒಂದು ಎಳೆ ತುಂಡಾಗುವುದು. ಮಗ್ಗ ನಿಲ್ಲಿಸಿ, ಎದ್ದು, ಹಿಂದೆ ಹೋಗಿ, ತುಂಡಾದ ಎಳೆ ಹುಡುಕಿ ಗಂಟು ಹಾಕಿ ಬರಬೇಕು. ಮತ್ತೆ ಕೂರಬೇಕು, ಮತ್ತೆ ತುಂಡು. ಅಪ್ಪನ ಕಣ್ಣು ಮೊದಲೇ ಮಂಜಾಗಿತ್ತು. ನಾನು ಹಾಕಿದ ಗಂಟುಗಳು ದಪ್ಪವಾಗಿ ಮಗ್ಗದ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಬೀದಿಯ ಮಗ್ಗಗಳೆಲ್ಲ ಒಂದೇ ಸಮನೆ ಬಡಿಯುವಾಗ ನಮ್ಮದು ಮಾತ್ರ ಬಿಕ್ಕಳಿಕೆ ಬಂದವರ ಹಾಗೆ ನಿಂತು ನಿಂತು ಸದ್ದು ಮಾಡುತ್ತಿತ್ತು. ಇದು ಬೀದಿಗೆಲ್ಲ ಕೇಳಿಸುತ್ತಿತ್ತು ಎಂಬುದೇ ನನಗೆ ದೊಡ್ಡ ಅವಮಾನ.

ಮಾಮ ತಮ್ಮ ಮುಂದಿನ ಪಾವಿಗೆ ಅಪ್ಪನನ್ನು ಕರೆದರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ಪೂರ ಆರಿದ ಮೇಲೆ, ಎಂದಿನ ಹಾಗೆ, "ಬಾವ, ಬಾ" ಎಂದರು. ಅಪ್ಪ ಎದ್ದು ಹೋದರು. ಬೀದಿ ಮೆಲ್ಲಗೆ ಅವರ ಹಿಂದೆಯೇ ಬಂತು, ನಮ್ಮ ಮಗ್ಗ ನಿಲ್ಲಲಿಲ್ಲ. ಉಪದೇಶಿಯವರು ನಮ್ಮ ಮನೆಗೆ ಬರುವುದನ್ನೂ ಬಿಡಲಿಲ್ಲ. ಪಾವು ಎಳೆದ ದಿನ ಮಾತ್ರ ಅವರು ಬರಲಿಲ್ಲ, ಬನ್ನಿ ಎಂದು ನಾವೂ ಹೇಳಲಿಲ್ಲ. ಇದನ್ನು ಸಮಾಧಾನ ಎನ್ನಬೇಕೋ ಸೋಲು ಎನ್ನಬೇಕೋ ಎಂದು ಎಷ್ಟೋ ಸಲ ಪ್ರಾರ್ಥನೆಯಲ್ಲಿ ಕೇಳಿದ್ದೇನೆ, ಎರಡೂ ಭಾಷೆಯಲ್ಲಿ. ಆದರೆ ಆ ದಿನಗಳನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಮಾಮ ಕರೆದ ಆ ಬೆಳಗ್ಗೆ ಅಲ್ಲ, ಅದಕ್ಕೆ ಮುಂಚಿನ ಒಂದು ಮಧ್ಯಾಹ್ನ.

ನಮ್ಮ ಮಗ್ಗ ಬಿಕ್ಕುತ್ತಿತ್ತು. ಗೋಡೆಯಾಚೆ ಮಾಮನ ಮಗ್ಗದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವರು ನಮ್ಮ ಬಾಗಿಲಲ್ಲಿದ್ದರು. ಯಾರನ್ನೂ ಮಾತನಾಡಿಸದೆ ಒಳಗೆ ಬಂದು, ಮಗ್ಗದ ಹಿಂದೆ, ಹಾಸು ಇಳಿದು ಬರುವ ಕಡೆ, ನೆಲದ ಮೇಲೆ ಕೂತರು. ಅಪ್ಪ ಕುಳಿಯಲ್ಲೇ ಕುಳಿತು ತಿರುಗಿ ನೋಡಿದರು. ಮಾಮ ತುಂಡಾದ ಎಳೆಯ ಎರಡು ತುದಿಗಳನ್ನು ಹುಡುಕಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಎಂಜಲಿನಿಂದ ಗಂಜಿಯನ್ನು ಮೆತ್ತಗೆ ಮಾಡಿ, ಎರಡನ್ನೂ ಹೊಸೆದರು. ನೇಕಾರರು ಎಳೆ ಕೂಡಿಸುವುದೇ ಹಾಗೆ. ಗಂಟಿಲ್ಲದೆ ಕೂಡುತ್ತದೆ. "ಊಂ" ಅಂದರು. ಅಪ್ಪ ಲಾಳಿ ಎಸೆದರು. ಇನ್ನೊಂದು ತುಂಡಾಯಿತು. ಮಾಮ ಮತ್ತೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದರು, ಮತ್ತೆ ಎಳೆಗೆ, ಮತ್ತೆ ನಾಲಿಗೆಗೆ.

ನಾನು ರಾಟೆ ನಿಲ್ಲಿಸಿಬಿಟ್ಟೆ. ನಮ್ಮ ಮನೆಯ ನೀರು ಕುಡಿಯದ ಮನುಷ್ಯ. ನಮ್ಮ ಅಮ್ಮ ಕಾಯಿಸಿದ ಗಂಜಿ, ಉಪದೇಶಿಯವರ ಕೈ ಬಳಿದ ಗಂಜಿ. ಅದು ಅವರ ಬೆರಳಿನಿಂದ ಬಾಯಿಗೆ, ಬಾಯಿಂದ ಎಳೆಗೆ ಹೋಗುತ್ತಾ ಬರುತ್ತಾ ಇತ್ತು. ಅವರಿಗೆ ಹೊಳೆದೇ ಇಲ್ಲವೇ? ಕೆಲಸದ ಕೈಗೆ ಯೋಚನೆ ಇರುವುದಿಲ್ಲವೇ? ಮಾಮ, ನೋಡಿಕೊಳ್ಳಿ, ಏನು ಮಾಡುತ್ತಿದ್ದೀರಿ ಎಂದು ಕೂಗಿಬಿಡಬೇಕು ಅನ್ನಿಸಿತು. ಅವರನ್ನು ಸೋಲಿಸಲೋ, ಕಾಪಾಡಲೋ ತಿಳಿಯದು. ಅಪ್ಪ ನನ್ನ ಬಾಯಿ ತೆರೆಯುವುದನ್ನು ನೋಡಿದರು. ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು, ಬೇಡ ಎಂದು.

ಎಳೆಗಳು ಒಂದೊಂದಾಗಿ ಕೂಡುತ್ತಾ ಬಂದವು. ಆಮೇಲೆ ಮಾಮ, ತಲೆ ಎತ್ತದೆ, ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೇಳಿದರು:

"ಅವ್ರು ಕುಂಚಿಗೆ ಒತ್ತಿ ಹಿಡಿದಾರೆ ಬಾವ. ಮೆತ್ತಗ್ ಹಿಡೀಬೇಕು ಅಂತ ನೀನಾದ್ರೂ ಹೇಳ್ಬೇಕಿತ್ತು."

ಅಪ್ಪನ ಕೈ ಲಾಳಿಯ ಮೇಲೆಯೇ ನಿಂತಿತು.

"ನಾ ಹೇಳಿದ್ದು ಅವ್ರ ಕೈಗೆ ತಿಳೀಲಿಲ್ಲ" ಅಂದರು ಅಪ್ಪ. "ನೀನೇ ಹೇಳ್ಕೊಡು."

ಮಾಮ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಮುಂದಿನ ಎಳೆಯನ್ನು ಎತ್ತಿಕೊಂಡರು.